ಕನ್ನಂಬಾಡಿ ಕಟ್ಟೆ ನೀರಲ್ಲಿ ಐದಂಕಿ ಲೆಕ್ಕ

ಐದನೇ ಕ್ಲಾಸಿನ ಗಣಿತದಲ್ಲಿ ಮೊದಲ ಪಾಠವೇ ಐದಂಕಿ ಸಂಖ್ಯೆಗಳು. ಜೂನ್‌ನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನ ಪಾಠಗಳನ್ನು ಮತ್ತೆ ನೆನಪಿಸುವುದು) ಮುಗಿಯುತ್ತಿದ್ದ ಹಾಗೆ ಅಲ್ಲಿಗೇ ಬರುತ್ತೇವೆ. ಮಂಡ್ಯದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ನಾನು ಈ ಪಾಠ ಮಾಡುತ್ತಾ ಹನ್ನೊಂದು ವರ್ಷವಾಯಿತು. ಮೊದಲ ಎರಡು ವರ್ಷ ಮಾಡಿದ್ದು ಪೂರ್ತಿ ದಂಡ. ಸ್ಥಾನಬೆಲೆ ಅಂದರೇನು, ಮುಖಬೆಲೆ ಅಂದರೇನು ಎಂದರೆ ಮಕ್ಕಳು ಗಿಳಿಪಾಠ ಒಪ್ಪಿಸುತ್ತಿದ್ದರು. ‘ಹನ್ನೆರಡು ಸಾವಿರದ ನಲವತ್ತು ಬರೀರಿ’ ಎಂದರೆ 1200040! ಕಿವಿಗೆ ಬಿದ್ದದ್ದನ್ನು ಹಾಗೇ ಬರೆದಿದ್ದರು, ಪಾಪ. ಮೊದಲು 12000, ಆಮೇಲೆ 40.

ಈಗ ಪುಸ್ತಕ ತೆಗೆಸುವುದು ಒಂದು ವಾರ ಆದ ಮೇಲೆ. ಅಲ್ಲಿಯವರೆಗೆ ಪೇಪರ್ ಸಾಕು. ನಮ್ಮ ಕಡೆ ಪೇಪರ್ ಬಂದರೆ ದೊಡ್ಡವರು ಮೊದಲು ನೋಡುವುದೇ ಕೆಆರ್‌ಎಸ್, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಅಲ್ವಾ? ಇಂದಿನ ಮಟ್ಟ, ಒಳಹರಿವು, ಹೊರಹರಿವು. ಆ ಚಿಕ್ಕ ಬಾಕ್ಸನ್ನು ದಿನಾ ಒಬ್ಬರು ಕತ್ತರಿಸಿ ತರಬೇಕು. ಮಳೆ ಹಿಡಿಯುವ ಮುಂಚೆ ಒಳಹರಿವು ಮೂರು, ನಾಲ್ಕು ಅಂಕಿಯಲ್ಲಿ ಇರುತ್ತದೆ. ಕೊಡಗಿನಲ್ಲಿ ಜೋರು ಮಳೆಯಾದರೆ ಐದಂಕಿ. ಸಂಖ್ಯೆ ಬೆಳೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ, ಹೊಳೆಯೇ ಹೇಳಿಕೊಡುತ್ತದೆ. ಕ್ಯೂಸೆಕ್ ಅಂದರೇನು ಅಂತ ಕೇಳೇ ಕೇಳುತ್ತಾರೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಹೆಚ್ಚುಕಡಿಮೆ ಎರಡು ಬಿಂದಿಗೆ ಎಂದುಬಿಡಿ.

ಇನ್ನು ಬೇಕಾದದ್ದು ಹಳೇ ಲಗ್ನಪತ್ರಿಕೆಗಳು. ದಪ್ಪ ಕಾಗದ, ಬೇಗ ಹರಿಯಲ್ಲ. ಅಂಗೈಯಗಲ ಕತ್ತರಿಸಿ 0ಯಿಂದ 9ರವರೆಗೆ ಬರೆಯಿರಿ. ಸೊನ್ನೆ ಮಾತ್ರ ನಾಲ್ಕು ಮಾಡಿಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಮನೆ ಗೀಚಿ: ಹತ್ತುಸಾವಿರ, ಸಾವಿರ, ನೂರು, ಹತ್ತು, ಬಿಡಿ. ಮನೆಗೊಬ್ಬರಂತೆ ಐದು ಮಕ್ಕಳು ಕಾರ್ಡ್ ಹಿಡಿದು ನಿಲ್ಲಲಿ.

ನಮ್ಮ ಕ್ಲಾಸಿನಲ್ಲಿ 12,040 ನಿಲ್ಲಿಸಿದ್ದೆ. ನೂರರ ಮನೆಯಲ್ಲಿದ್ದ ಹುಡುಗ, ‘ನಾನು ಸೊನ್ನೆ ಮಿಸ್, ಸುಮ್ನೆ ಯಾಕೆ ನಿಂತ್ಕೋಬೇಕು?’ ಎಂದ. ಸರಿ, ಹೋಗಿ ಕೂತ್ಕೋ ಎಂದೆ. ಬಿಡಿಯ ಸೊನ್ನೆಯೂ ಅವನ ಹಿಂದೆಯೇ ಹೋಯಿತು. ಉಳಿದ ಮೂವರಿಗೆ ಬಲಕ್ಕೆ ಸರಿದು ನಿಲ್ಲಿ ಎಂದೆ. ನೋಡಿದರೆ 124! ‘ಕಟ್ಟೆ ತುಂಬ್ತು ಮಿಸ್!’ ಎಂದು ಹಿಂದಿನ ಬೆಂಚು ಕೂಗಿತು. ಕಟ್ಟೆ ತುಂಬುವುದು 124.80 ಅಡಿಗೆ, ಆ ಅಂಕಿ ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಹನ್ನೆರಡು ಸಾವಿರ ನೂರಿಪ್ಪತ್ತನಾಲ್ಕಕ್ಕೆ ಇಳಿದದ್ದು ಯಾರಿಂದ ಎಂದು ಕೇಳಿದೆ. ಕೂತಿದ್ದ ಇಬ್ಬರೂ ಎದ್ದು ಬಂದರು.

ಓದುವಾಗ ಎಪ್ಪತ್ತು, ಎಂಬತ್ತು ಕಿವಿಯಲ್ಲಿ ಬೆರೆತುಹೋಗುತ್ತವೆ. ಒಂಬತ್ತು, ತೊಂಬತ್ತು, ಒಂಬೈನೂರು ಅದಕ್ಕಿಂತ ಜಾಸ್ತಿ ಕಾಟ. ಇವನ್ನು ದಿನಾ ಐದು ನಿಮಿಷ ಉಕ್ತಲೇಖನ ಕೊಡಿ. ಬೇರೆ ದಾರಿ ನನಗೆ ಸಿಕ್ಕಿಲ್ಲ.

ಕೂಡುವುದು ಬೇಗ ಬರುತ್ತದೆ. ಕಷ್ಟ ಇರುವುದು ಸೊನ್ನೆ ದಾಟಿ ಸಾಲ ತರುವ ಕಳೆಯುವಿಕೆಯಲ್ಲಿ. ಒಳಹರಿವು 20,004, ಹೊರಹರಿವು 6,378 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಎಷ್ಟು ಘನ ಅಡಿ ಕಟ್ಟೆಯಲ್ಲಿ ಉಳಿಯಿತು? ನಾಲ್ಕರಲ್ಲಿ ಎಂಟು ಹೋಗಲ್ಲ. ಪಕ್ಕದ ಮನೆ ಖಾಲಿ, ಅದರ ಪಕ್ಕದ್ದೂ ಖಾಲಿ, ಆಚೆಯದೂ ಖಾಲಿ. ಕೊನೇ ಮನೆ ಗೌಡರ ಹತ್ತಿರ ಮಾತ್ರ ಎರಡಿದೆ. ಅವರು ಒಂದು ಕೊಟ್ಟರೆ ಸಾವಿರದ ಮನೆಗೆ ಅದು ಹತ್ತಾಗುತ್ತದೆ. ಆ ಮನೆಯವರು ಒಂಬತ್ತು ಇಟ್ಟುಕೊಂಡು ಒಂದನ್ನು ಮುಂದಕ್ಕೆ ಕಳಿಸುತ್ತಾರೆ. ಹೀಗೇ ಬಿಡಿಗೆ ಬರುವ ಹೊತ್ತಿಗೆ ಸಾಲು 1, 9, 9, 9, 14. ಈಗ ಕಳೆಯಿರಿ: 13,626. ‘ಸೊನ್ನೆ ಮೇಲೆ 9 ಹಾಕು’ ಎಂದು ಮೊದಲೇ ಹೇಳಿಬಿಡಬೇಡಿ. ಹೇಳಿದರೆ ಸೊನ್ನೆ ಕಂಡಲ್ಲೆಲ್ಲ 9 ಹಾಕುತ್ತಾರೆ, ಸಾಲ ಬೇಡದ ಕಡೆಯೂ. ಕಾರ್ಡನ್ನು ಕೈಯಿಂದ ಕೈಗೆ ದಾಟಿಸಲಿ, ಎರಡು ದಿನ ಹೋದರೂ ಚಿಂತೆಯಿಲ್ಲ.

ಪೇಪರ್ ತರಿಸದ ಮನೆಯ ಮಕ್ಕಳಿಗೆ ಅಂಗಡಿಯಿಂದ ಬರೆದುಕೊಂಡು ಬರಲು ಹೇಳಿ. ನಮ್ಮೂರಿನ ಟೀ ಅಂಗಡಿಯವರು ಈಗ ಅವರಾಗಿಯೇ ಕೇಳುತ್ತಾರೆ, ‘ಇವತ್ತು ಎಷ್ಟಂತೆ ಓದು’ ಅಂತ.

ಗೋಡೆಗೆ ಚಾರ್ಟ್ ಮಾಡುವವರು ಎಡಗಡೆ ಒಂದು ಮನೆ ಖಾಲಿ ಬಿಡಿ. 2024ರ ಜುಲೈ ಕೊನೆಯಲ್ಲಿ ಹೊರಹರಿವು ಲಕ್ಷ ದಾಟಿತು. ನಮ್ಮ ಚಾರ್ಟಿನಲ್ಲಿ ಜಾಗವೇ ಇರಲಿಲ್ಲ. ಒಬ್ಬಳು ಬೆಂಚು ಹತ್ತಿ ಆ 1 ಅನ್ನು ಗೋಡೆ ಮೇಲೇ ಬರೆದಳು.