ತಗಡು ಹಿಗ್ಗಿದರೂ ಬಿಡದ ಅಂಟು: ಅಲ್ಯೂಮಿನಿಯಂ ಹಾಳೆಯನ್ನು ಕಬ್ಬಿಣದ ಫ್ರೇಮಿಗೆ ಕೂರಿಸುವ ಕ್ರಮ

ಗೂಡ್ಸ್ ಗಾಡಿಯ ಮುಚ್ಚಿದ ಬಾಡಿ ಇರಲಿ, ಅಂಗಡಿಯ ಬೋರ್ಡು ಇರಲಿ, ಕಬ್ಬಿಣದ ಚೌಕ ಪೈಪಿನ ಫ್ರೇಮಿಗೆ ಅಲ್ಯೂಮಿನಿಯಂ ಹಾಳೆ ಕೂರಿಸಲು ಬಳ್ಳಾರಿ, ರಾಯಚೂರಿನ ಶೆಡ್‌ಗಳಲ್ಲಿ ರಿವೆಟ್ ಹೊಡೆಯುವುದೇ ರೂಢಿ. ಕೆಲವು ಬೇಸಿಗೆ ಕಳೆದರೆ ರಿವೆಟ್ಟಿನ ತೂತು ಅಗಲವಾಗಿ ಹಾಳೆ ಗಡಗಡ ಎನ್ನುತ್ತದೆ, ಮಳೆನೀರು ಒಳಗಿಳಿಯುತ್ತದೆ, ಎರಡು ಲೋಹ ತಾಗುವಲ್ಲಿ ಬಿಳಿ ಪುಡಿ ಏಳುತ್ತದೆ. ರಬ್ಬರಿನಂತೆ ಎಳೆದುಕೊಳ್ಳುವ ಅಂಟು ಈ ಮೂರನ್ನೂ ತಡೆಯುತ್ತದೆ. ಆದರೆ ಅದಕ್ಕೆ ದಪ್ಪ ಬೇಕು. ತೆಳ್ಳಗೆ ಒತ್ತಿದರೆ ಎಷ್ಟೇ ಬೆಲೆಯ ಅಂಟೂ ಬಿಟ್ಟುಕೊಳ್ಳುತ್ತದೆ.

ಲೆಕ್ಕ ಹೀಗಿದೆ. 1 ಮೀಟರ್ ಅಲ್ಯೂಮಿನಿಯಂ 1 ಡಿಗ್ರಿ ಬಿಸಿಯೇರಿದರೆ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ 0.012 ಮಿ.ಮೀ. ಚಳಿಗಾಲದ ನಸುಕಿನಲ್ಲಿ 15 ಡಿಗ್ರಿ ಇರುವ ಹಾಳೆ ಮೇ ತಿಂಗಳ ಮಧ್ಯಾಹ್ನ 65 ಡಿಗ್ರಿ ಮುಟ್ಟಿತು ಎಂದುಕೊಳ್ಳಿ, ಅಂದರೆ 50 ಡಿಗ್ರಿ ಅಂತರ. 2 ಮೀಟರ್ ಹಾಳೆ 2.4 ಮಿ.ಮೀ. ಬೆಳೆಯುತ್ತದೆ, ಫ್ರೇಮ್ 1.2 ಮಿ.ಮೀ. ಮಾತ್ರ. ನಡುವೆ ಉಳಿದ 1.2 ಮಿ.ಮೀ. ಎರಡು ತುದಿಗೆ ಹಂಚಿದರೆ ತಲಾ 0.6. ಈ ಸರಿದಾಟವನ್ನು ಅಂಟು ತನ್ನ ದಪ್ಪದಲ್ಲೇ ನುಂಗಿಕೊಳ್ಳಬೇಕು. ಸರಿದಾಟ ಅಂಟಿನ ದಪ್ಪದ ಐದನೇ ಒಂದು ಪಾಲು ಮೀರದಂತೆ ನೋಡಿಕೊಂಡರೆ ಬಾಳಿಕೆ ಬರುತ್ತದೆ. 0.6ಕ್ಕೆ 3 ಮಿ.ಮೀ. ದಪ್ಪ ಸಾಕು.

ಇದು ಹಾಳೆ, ಪೈಪ್ ಎರಡೂ ಒಂದೇ ಬಿಸಿಗೆ ಏರುವ ಬಿಳಿ ಹಾಳೆಯ ಮಾತು. ಕಪ್ಪು, ಕಡುನೀಲಿ ಬೋರ್ಡಿನಲ್ಲಿ ಹಾಳೆ 65ಕ್ಕೆ ಏರಿದಾಗ ಹಿಂದೆ ನೆರಳಲ್ಲಿರುವ ಪೈಪ್ 45ರಲ್ಲೇ ಇರಬಹುದು. ಆಗ ವ್ಯತ್ಯಾಸ 1.7 ಮಿ.ಮೀ. ಹತ್ತಿರ ಹೋಗುತ್ತದೆ, ದಪ್ಪ ಸುಮಾರು 4 ಮಿ.ಮೀ. ಬೇಕಾಗುತ್ತದೆ. ಅರಾಲ್ಡೈಟ್‌ನಂಥ ಎಪಾಕ್ಸಿ ಈ ರಬ್ಬರಿನಂಥ ಅಂಟಿಗಿಂತ ಬಹಳ ಗಟ್ಟಿ, ಆದರೆ ಬಗ್ಗುವುದಿಲ್ಲ. ಎಳೆತವೆಲ್ಲ ಅಂಚಿಗೆ ಬಂದು ಬೀಳುತ್ತದೆ, ಮೂಲೆಯಿಂದ ಸಿಪ್ಪೆ ಬಿಡುತ್ತದೆ.

ಅಂಟಿನ ಆಯ್ಕೆ

ಅಂಗಡಿಯಲ್ಲಿ ಸಿಗುವವು ಮೂರು ಬಗೆ. ಪಿಯು, ಅಂದರೆ ಪಾಲಿಯುರೆಥೇನ್, ಗಾಡಿ ಬಾಡಿಗೆ ಮೊದಲ ಆಯ್ಕೆ. ಇದಕ್ಕೆ ಬಿಸಿಲು ನೇರ ಬೀಳಬಾರದು, ಗಾಜಿನ ಮೂಲಕವೂ ಬೀಳಬಾರದು. ಬಸ್ಸಿನ ಗಾಜಿನ ಅಂಚಿಗೆ ಕಪ್ಪು ಪಟ್ಟಿ ಇರುವುದು ಅದನ್ನು ತಡೆಯಲಿಕ್ಕೇ. ಎರಡನೆಯದು ಎಂಎಸ್ ಪಾಲಿಮರ್ (ಇಲ್ಲಿ ಎಂಎಸ್ ಎಂದರೆ ಮೈಲ್ಡ್ ಸ್ಟೀಲ್ ಅಲ್ಲ). ಇದು ಬಿಸಿಲು ತಡೆಯುತ್ತದೆ, ಹಲವು ಮೇಲ್ಮೈಗಳಿಗೆ ಪ್ರೈಮರ್, ಅಂದರೆ ಅಂಟಿಗೆ ಮುಂಚೆ ಬಳಿಯುವ ಪದರ, ಇಲ್ಲದೆ ಹಿಡಿಯುತ್ತದೆ. ಬೋರ್ಡಿಗೆ ಇದೇ ಸಲೀಸು. ಸಿಲಿಕಾನ್ ಶಾಖವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಅದರ ಮೇಲೆ ಬಣ್ಣ ಕೂರುವುದಿಲ್ಲ. ವಿನೆಗರ್ ವಾಸನೆಯ ಸಿಲಿಕಾನ್ ಜಿಐ (ಸತು ಲೇಪಿಸಿದ) ತಗಡನ್ನು, ಕನ್ನಡಿಯ ಹಿಂಬದಿಯನ್ನು, ಮಾರ್ಬಲ್ಲನ್ನು ತಿನ್ನುತ್ತದೆ. ಅಲ್ಲಿ ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ. ಸಂದು ಮುಚ್ಚುವ ಮೆತ್ತನೆ ಸೀಲೆಂಟ್ ಕೂಡ ಇಂಥದೇ ಟ್ಯೂಬಿನಲ್ಲಿ ಬರುತ್ತದೆ, ಅದು ಭಾರ ಹೊರುವುದಿಲ್ಲ. ಲೇಬಲ್ ಓದಿ, ತಯಾರಿಯ ತಿಂಗಳನ್ನೂ ನೋಡಿ. ತಗಡಿನ ಶೆಡ್ಡಿನಲ್ಲಿ ಬೇಸಿಗೆಯಿಡೀ ಬೆಂದ ಟ್ಯೂಬು ಅವಧಿಗೆ ಮುಂಚೆಯೇ ಒಳಗೊಳಗೆ ಗಟ್ಟಿಯಾಗಿರುತ್ತದೆ.

ಮನೆ ಮೇಲಿನ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಸೀಳಿದರೆ ಇವುಗಳಲ್ಲಿ ಯಾವುದನ್ನೂ ಹಚ್ಚಬೇಡಿ. ಅದು ಪಾಲಿಥೀನ್, ಅಂಟು ಹಿಡಿಯುವುದಿಲ್ಲ. ಬಿಸಿ ಮಾಡಿ ಬೆಸೆಯುವವರನ್ನು ಕರೆಯಬೇಕು.

ಮೇಲ್ಮೈ ತಯಾರಿ

ಅರ್ಧ ಕೆಲಸ ಇಲ್ಲೇ ಇದೆ, ಹೆಚ್ಚು ಜನ ಎಡವುವುದೂ ಇಲ್ಲೇ. ಪೈಪಿಗೆ ರೆಡ್ ಆಕ್ಸೈಡ್ ಬಳಿದು ಅದರ ಮೇಲೆ ಅಂಟು ಎಳೆಯುತ್ತಾರೆ. ಅಂಟು ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬಣ್ಣ ಕಬ್ಬಿಣವನ್ನು ಬಿಡುತ್ತದೆ. ಅಂಟು ಕೂರುವ ಪಟ್ಟಿಯನ್ನು 80 ನಂಬರ್ ಎಮರಿಯಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ಬಳಿದು ಪೂರ್ತಿ ಒಣಗಲು ಬಿಡಿ. ಅಂಟು ಹಚ್ಚುವ ಮುನ್ನ ಆ ಪ್ರೈಮರಿನ ಹೊಳಪು ಹೋಗುವಷ್ಟು ನವಿರಾಗಿ ಮತ್ತೆ ಉಜ್ಜಿ. ಅಲ್ಯೂಮಿನಿಯಂ ಹಾಳೆಯ ಪ್ಲಾಸ್ಟಿಕ್ ಪೊರೆ ಸುಲಿದು ಅಂಟಿನ ಜಾಗವನ್ನು 240 ನಂಬರಿನಿಂದ ಉಜ್ಜಿ, ಅದೇ ದಿನ ಅಂಟಿಸಿ.

ಒರೆಸಲು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಬಳಸಿ. ಪೆಟ್ರೋಲ್, ಸೀಮೆಎಣ್ಣೆ ಜಿಡ್ಡು ಉಳಿಸುತ್ತವೆ. ಒಂದು ಬಟ್ಟೆ ಒದ್ದೆ, ಇನ್ನೊಂದು ಒಣದು: ಒದ್ದೆ ಬಟ್ಟೆಯಲ್ಲಿ ಒರೆಸಿದ ತಕ್ಷಣ, ಆರುವ ಮೊದಲೇ ಒಣ ಬಟ್ಟೆಯಲ್ಲಿ ಎತ್ತಿಬಿಡಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮರಳಿ ಕೂರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ತುಂಡುಗಳು ಧಾರಾಳ ಸಿಗುತ್ತವೆಂದು ಅವನ್ನು ಬಳಸಬೇಡಿ. ತೊಳೆಯದ ಜೀನ್ಸ್ ಗಂಜಿಯನ್ನೂ ಬಣ್ಣವನ್ನೂ ಬಿಡುತ್ತದೆ. ಚೆನ್ನಾಗಿ ತೊಳೆದ ಬಿಳಿ ಹತ್ತಿ ಬಟ್ಟೆ ಒಳ್ಳೆಯದು. ಅದಿರಿನ ಕೆಂಧೂಳು, ಶಕ್ತಿನಗರದ ಕಡೆಯಾದರೆ ಉಷ್ಣ ವಿದ್ಯುತ್ ಸ್ಥಾವರದ ಬೂದಿ, ಒಂದು ಗಂಟೆಯಲ್ಲಿ ಮತ್ತೆ ಕೂರುತ್ತದೆ. ಹಾಗಾಗಿ ಒರೆಸುವುದು ಅಂಟಿಗೆ ಮುಂಚಿನ ಕೊನೆಯ ಕೆಲಸವಾಗಿರಲಿ. ಆದರೆ ಪಿಯು ಬಳಸುವಾಗ ಐಪಿಎ ಪೂರ್ತಿ ಆರಲು 10 ನಿಮಿಷ ಕೊಡಿ. ಹಸಿ ಆಲ್ಕೋಹಾಲ್ ಪಿಯುವನ್ನು ಗಟ್ಟಿಯಾಗಲು ಬಿಡುವುದಿಲ್ಲ, ತಿಂಗಳಾದರೂ ಅಂಟು ಬೆಲ್ಲದ ಪಾಕದಂತೆ ಉಳಿಯುತ್ತದೆ.

ಅಂಟು ಎಳೆಯುವುದು

ಕೆಲಸ ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಆಗಲಿ. ಕೈ ಇಟ್ಟರೆ ಸುಡುವ ತಗಡು ಆಗಲೇ ಹಿಗ್ಗಿ ನಿಂತಿರುತ್ತದೆ, ಅಂಟಿನ ಮೇಲೂ ಬೇಗ ಕೆನೆ ಕಟ್ಟುತ್ತದೆ.

ಮೊದಲು ದಪ್ಪ ಕಾಯುವ ಗುರುತು ಇಡಿ: 3 ಮಿ.ಮೀ. ದಪ್ಪದ ಎರಡು ಬದಿ ಅಂಟುವ ಫೋಮ್ ಟೇಪಿನ ತುಂಡುಗಳನ್ನು ಅಡಿಗೊಂದರಂತೆ ಹಾಕಿ. ಅಂಟು ಒಣಗುವ ತನಕ ಹಾಳೆಯನ್ನು ಹಿಡಿದಿಡುವುದೂ ಇದೇ. ವಾಷರ್ ಇಡಬೇಡಿ, ಹಾಳೆ ಸರಿದಾಗ ಗಟ್ಟಿ ವಾಷರಿನ ಸುತ್ತಲೇ ಅಂಟು ಸೀಳುತ್ತದೆ.

ನಾಝಲ್ ತುದಿಯನ್ನು ತ್ರಿಕೋನವಾಗಿ ಕತ್ತರಿಸಿ, ಬುಡ 8, ಎತ್ತರ 10 ಮಿ.ಮೀ. ಗನ್ನನ್ನು ನೆಟ್ಟಗೆ ಹಿಡಿದು ಎಳೆದರೆ ಗುಡಿಯ ಶಿಖರದ ಆಕಾರದ ಸಾಲು ಬರುತ್ತದೆ. ಒತ್ತಿದಾಗ ಚೂಪು ತುದಿ ಗಾಳಿಯನ್ನು ಎರಡೂ ಬದಿಗೆ ತಳ್ಳುತ್ತದೆ, 3 ಮಿ.ಮೀ. ದಪ್ಪಕ್ಕೆ ಇಳಿದಾಗ 13 ಮಿ.ಮೀ. ಅಗಲವಾಗುತ್ತದೆ. ಅಲ್ಲಲ್ಲಿ ಉಂಡೆ ಇಡುವ ಅಭ್ಯಾಸ ಬಿಡಿ. 310 ಮಿ.ಲೀ. ಟ್ಯೂಬಿನಲ್ಲಿ ಇಂಥ ಸಾಲು 7 ಮೀಟರಿಗೆ ತುಸು ಹೆಚ್ಚು ಬರುತ್ತದೆ. 2 ಮೀಟರ್ ಉದ್ದ, 1.2 ಮೀಟರ್ ಅಗಲದ ಹಾಳೆಗೆ ಸುತ್ತಲೂ ಒಂದು, ನಡುವೆ ಎರಡು ಅಡ್ಡ ಸಾಲು ಸೇರಿ 8.8 ಮೀಟರ್, ಎರಡು ಟ್ಯೂಬ್ ತರಬೇಕು. 4 ಮಿ.ಮೀ. ದಪ್ಪಕ್ಕೆ ತ್ರಿಕೋನದ ಎತ್ತರ 12 ಮಾಡಿ.

ಕೆಳಗಿನ ಅಂಚಿನ ಸಾಲಿನಲ್ಲಿ 2 ಸೆಂ.ಮೀ. ಜಾಗ ಖಾಲಿ ಬಿಡಿ. ಈ ಅಂಟುಗಳು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತವೆ. ನಾಲ್ಕೂ ಬದಿ ಮುಚ್ಚಿದರೆ ನಡುವಿನ ಸಾಲುಗಳಿಗೆ ತೇವ ಸಿಗುವುದಿಲ್ಲ. ಒಂದು ವಾರದ ನಂತರ ಆ ಸಂದು ಮುಚ್ಚಬಹುದು. ಅಂಟು ಎಳೆದ 10 ನಿಮಿಷದೊಳಗೆ ಹಾಳೆ ಕೂರಿಸಿ, ಅಂಗೈಯಿಂದ ಫೋಮ್ ಮುಟ್ಟುವಷ್ಟು ಮಾತ್ರ ಒತ್ತಿ. ಒಮ್ಮೆ ಇಟ್ಟ ಮೇಲೆ ಎತ್ತಿ ಸರಿಪಡಿಸಿದರೆ ಒಳಗೆ ಗಾಳಿ ಸೇರುತ್ತದೆ. ಸಾಮಾನ್ಯ ಪಿಯು ಶೇಕಡಾ 50 ತೇವಾಂಶದ ಗಾಳಿಯಲ್ಲಿ ಮೊದಲ ದಿನ 3 ಮಿ.ಮೀ.ನಷ್ಟು ಆಳ ಗಟ್ಟಿಯಾಗುತ್ತದೆ, ಆಮೇಲೆ ನಿಧಾನ. ನಮ್ಮ ಏಪ್ರಿಲ್‌ನ ಒಣ ಗಾಳಿಯಲ್ಲಿ ಇನ್ನೂ ತಡ. 24 ಗಂಟೆ ಅಲುಗಿಸಬೇಡಿ, ಗಾಡಿಯನ್ನು ಒಂದು ವಾರ ರಸ್ತೆಗಿಳಿಸಬೇಡಿ. ಎತ್ತರದ ಬೋರ್ಡಾದರೆ ಕೆಳಗೆ ಒಂದು ಆಂಗಲ್ ಕೊಡಿ. ಜನ ಓಡಾಡುವ ಜಾಗದಲ್ಲಿ ಇಡೀ ಭಾರವನ್ನು ಬರೀ ಅಂಟಿನ ಮೇಲೆ ಬಿಡುವುದು ತಪ್ಪು.

ಪಿಯು ಕೈಗೆ ತಾಗಬಾರದು, ನೈಟ್ರೈಲ್ ಗ್ಲೌಸ್ ಹಾಕಿ. ಅಸ್ತಮಾ ಇರುವವರು ಈ ಕೆಲಸದಿಂದ ದೂರ ಇರಬೇಕು.

ಪಾಲಿಕಾರ್ಬೊನೇಟ್ ಆದರೆ

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಕಬ್ಬಿಣದ ಕೊಳವೆಗೆ ಪಾರದರ್ಶಕ ಕಿಟಕಿ ಕೂರಿಸುವಾಗ ಲೆಕ್ಕ ಬದಲಾಗುತ್ತದೆ. ಪಾಲಿಕಾರ್ಬೊನೇಟ್ ಮೀಟರಿಗೆ, ಡಿಗ್ರಿಗೆ ಸುಮಾರು 0.068 ಮಿ.ಮೀ. ಹಿಗ್ಗುತ್ತದೆ. 1 ಮೀಟರ್ ತುಂಡಿಗೇ 7 ಮಿ.ಮೀ. ದಪ್ಪದ ಅಂಟು ಬೇಕಾಗುತ್ತದೆ. ತುಂಡನ್ನು 60 ಸೆಂ.ಮೀ.ಗೆ ಇಳಿಸಿದರೆ 4 ಮಿ.ಮೀ. ಮೇಲೆ ಸಾಕು. ಥಿನ್ನರ್ ತಾಗಿಸಬೇಡಿ, ಕೂದಲೆಳೆ ಬಿರುಕು ಬಿಡುತ್ತದೆ.

ಬಿಟ್ಟುಕೊಂಡದ್ದನ್ನು ಓದುವುದು

ಕೆಲಸಕ್ಕೆ ಮುಂಚೆ ಅದೇ ಹಾಳೆ, ಅದೇ ಪೈಪಿನ ಚೂರುಗಳ ಮೇಲೆ ಒಂದೊಂದು ಸಾಲು ಎಳೆದು ವಾರ ಬಿಡಿ. ಅಂಟಿನ ತುದಿಯನ್ನು ಬ್ಲೇಡಿನಿಂದ ಬಿಡಿಸಿ, ಇಕ್ಕಳದಲ್ಲಿ ಹಿಂದಕ್ಕೆ ಎಳೆಯಿರಿ. ಅಂಟೇ ಹರಿದು ಲೋಹದ ಮೇಲೂ ಉಳಿದರೆ ಸರಿಯಾಗಿದೆ. ಲೋಹ ಬರಿದಾಗಿ ಸಿಪ್ಪೆ ಎದ್ದರೆ ಒರೆಸಿದ್ದು ಅಥವಾ ಪ್ರೈಮರ್ ಸರಿಯಿಲ್ಲ. ಅಂಟಿನ ಹಿಂದೆ ಬಣ್ಣ ಕಿತ್ತು ಬಂದರೆ ಬಣ್ಣದ ತಪ್ಪು. ಕೂರಿಸಿದ ಹಾಳೆ ಬಿಟ್ಟುಕೊಂಡಾಗ ಅಂಟಿನ ಮುಖ ಹೊಳೆಯುತ್ತಾ ಹಾಳೆಯ ಗುರುತೇ ಇಲ್ಲದಿದ್ದರೆ ಕೆನೆ ಕಟ್ಟಿದ ಮೇಲೆ ಕೂರಿಸಿದ್ದಾರೆ.

ಹಾನಿಯಾದ ಹಾಳೆ ತೆಗೆಯಲು ತೆಳು ಸ್ಟೀಲ್ ತಂತಿಯನ್ನು ಸಂದಿನಲ್ಲಿ ತೂರಿಸಿ, ಇಬ್ಬರು ಗರಗಸದಂತೆ ಎಳೆದು ಕೊಯ್ಯಬೇಕು. ಪೈಪಿನ ಮೇಲೆ ಉಳಿದ ಪಿಯು ಗಟ್ಟಿಯಾಗಿ ಹಿಡಿದಿದ್ದರೆ ಪೂರ್ತಿ ಕೆರೆಯಬೇಡಿ. 1 ಮಿ.ಮೀ. ಪದರ ಬಿಟ್ಟು ಚಪ್ಪಟೆಯಾಗಿ ಕೊಯ್ದು, ಧೂಳು ಕೂರುವ ಮೊದಲೇ ಅದರ ಮೇಲೆ ಹೊಸ ಪಿಯು ಎಳೆಯಿರಿ. ಹೊಸದಾಗಿ ಕೊಯ್ದ ಹಳೆಯ ಪಿಯು ಹೊಸದನ್ನು ಚೆನ್ನಾಗಿ ಹಿಡಿಯುತ್ತದೆ. ಅಲ್ಲಿ ಮೊದಲು ಸಿಲಿಕಾನ್ ಇದ್ದರೆ ಮಾತ್ರ ಲೋಹದವರೆಗೂ ಉಜ್ಜಿ ತೆಗೆಯಬೇಕು.