ಅಂಬಾಸಿಡರ್ ಹಿಂದಿನ ಆಕ್ಸಲ್‌ನಲ್ಲಿ ‘ಟಕ್’ ಸದ್ದು: ಹೌಸಿಂಗ್ ಬಿಚ್ಚುವ ಮೊದಲು ನಾನು ನೋಡುವುದು

ಗಾಡಿಯ ಹಿಂಭಾಗದಲ್ಲಿ ‘ಟಕ್’ ಎಂದರೆ ಸಾಕು, ‘ಕ್ರೌನ್ ಪಿನಿಯನ್ ಹೋಗಿದೆ’ ಎನ್ನುವವರೇ ಹೆಚ್ಚು. ಆದರೆ ಕ್ರೌನ್ ಪಿನಿಯನ್ (ಎಂಜಿನ್ನಿನ ಎಳೆತವನ್ನು ಚಕ್ರಗಳ ಕಡೆಗೆ ತಿರುಗಿಸುವ, ಆಕ್ಸಲ್ ಒಳಗಿನ ದೊಡ್ಡ-ಸಣ್ಣ ಗೇರುಗಳ ಜೋಡಿ) ಸವೆದರೆ ಮೊದಲು ಕೇಳುವುದು ಗುಂಯ್‌ಗುಡುವ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಟಕ್ ಅಂದರೆ ಎಲ್ಲೋ ಪ್ಲೇ (ಸಡಿಲ) ಇದೆ, ಎಳೆತದ ದಿಕ್ಕು ಬದಲಾದಾಗ ಆ ಸಂದು ದಾಟಿ ಲೋಹಕ್ಕೆ ಲೋಹ ಬಡಿಯುತ್ತಿದೆ. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಗಾಡಿಯ ತಯಾರಿಯೇ ನಿಂತಿತು. ಒಳ್ಳೆಯ ಕ್ರೌನ್ ಪಿನಿಯನ್ ಜೋಡಿಯನ್ನು ಈಗ ಹುಡುಕಿಕೊಂಡು ಹೋಗಬೇಕು. ಅದಕ್ಕೇ ನಾನು ಹೊರಗಿನಿಂದ ಶುರುಮಾಡಿ, ಹೌಸಿಂಗನ್ನು (ಆ ಗೇರುಗಳಿರುವ ಕವಚವನ್ನು) ಕೊನೆಗೆ ಮುಟ್ಟುತ್ತೇನೆ.

ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕಿ, ಪಾನಾಗಳ (ಸ್ಪ್ಯಾನರ್) ಚೀಲ ಎಲ್ಲ ಹೊರಗೆ. ಆಕ್ಸಲ್ ಹತ್ತಿರ ಹಾದುಹೋಗುವ ಸೈಲೆನ್ಸರ್ ಪೈಪಿನ ಮೇಲೆ ಹೊಳೆಯುವ ಉಜ್ಜಿದ ಗುರುತಿದೆಯೇ ನೋಡಿ. ಶಾಕ್ ಅಬ್ಸಾರ್ಬರ್‌ನ ರಬ್ಬರ್ ಬುಷ್ ಪುಡಿಯಾಗಿದ್ದರೆ ಗುಂಡಿಗೆ ಬಿದ್ದಾಗ ಮಾತ್ರ ಸದ್ದು ಬರುತ್ತದೆ, ಗೇರ್ ಹಾಕುವಾಗ ಬರುವುದಿಲ್ಲ. ರಿವರ್ಸ್ ಬಂದು ನಿಲ್ಲಿಸಿ, ಮುಂದೆ ಹೋಗಿ ಬ್ರೇಕ್ ಒತ್ತಿದಾಗ ಒಂದೇ ಸಲ ಟಕ್ ಎಂದರೆ ಬ್ರೇಕ್ ಪ್ಲೇಟಿನ ಬೋಲ್ಟ್ ಮತ್ತು ಶೂಗಳನ್ನು ಪರೀಕ್ಷಿಸಿ.

ಗೇರ್ ಹಾಕಿ ಕ್ಲಚ್ ಬಿಡುವಾಗಲೇ ಸದ್ದು ಬರುತ್ತಿದ್ದರೆ ಲೀಫ್ ಸ್ಪ್ರಿಂಗ್ ಕಡೆ ಬನ್ನಿ. ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವಷ್ಟೇ ಬಿಡಲಿ, ಆಮೇಲೆ ರಿವರ್ಸ್‌ನಲ್ಲಿ ಹಾಗೇ ಮಾಡಲಿ. ಗಾಡಿಯ ಅಡಿಯಲ್ಲಿ ಮಲಗಬೇಡಿ, ಮುಂದೆ ಹಿಂದೆ ನಿಲ್ಲಲೂ ಬೇಡಿ. ಪಕ್ಕದಲ್ಲಿ ನೆಲದ ಮೇಲೆ ಮೊಬೈಲ್ ಇಟ್ಟು ವಿಡಿಯೋ ತೆಗೆದರೆ ಸಾಕು. ಆಕ್ಸಲ್‌ನ ಮೂತಿ ಸ್ವಲ್ಪ ಎದ್ದು ಇಳಿಯುವುದು ಸಹಜ. ಆದರೆ ಸ್ಪ್ರಿಂಗ್ ಒಂದು ಕಡೆ, ಆಕ್ಸಲ್ ಇನ್ನೊಂದು ಕಡೆ ಜಾರಿದರೆ ಎರಡನ್ನೂ ಕಟ್ಟಿ ಹಿಡಿಯುವ ಯು-ಬೋಲ್ಟ್ ಸಡಿಲ. ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಕೆಂಪು ತುಕ್ಕಿನ ಪುಡಿ ಕಂಡರೆ ಪಟ್ಟಿಗಳನ್ನು ನಡುವೆ ಜೋಡಿಸುವ ಸೆಂಟರ್ ಬೋಲ್ಟ್ ಮುರಿದಿರಬಹುದು. ಹಾಗಾದರೆ ಒಂದು ಕಡೆಯ ಚಕ್ರ ಹಿಂದೆ ಅಥವಾ ಮುಂದೆ ಸರಿದಿರಬಹುದು, ಎರಡೂ ಬದಿಯಲ್ಲಿ ಟೇಪ್ ಹಿಡಿದು ಅಳೆಯಿರಿ. ಶಾಕಲ್ (ಸ್ಪ್ರಿಂಗಿನ ಹಿಂದಿನ ತುದಿಯ ಕೊಂಡಿ) ಮತ್ತು ಸ್ಪ್ರಿಂಗಿನ ಮುಂದಿನ ಕಣ್ಣಿನ ಬುಷ್‌ಗಳನ್ನು ಸಣ್ಣ ಹಾರೆಯಿಂದ ಮೀಟಿದರೆ ತಿಳಿಯುತ್ತದೆ. ರಬ್ಬರ್ ಬುಷ್ ಹಾಕಿದ ಮೇಲೆ ಬೋಲ್ಟುಗಳ ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತಿರುವಾಗ ಮಾತ್ರ. ಜಾಕಿಯ ಮೇಲಿದ್ದಾಗಲೇ ಬಿಗಿದರೆ ಗಾಡಿ ಇಳಿದ ಕೂಡಲೇ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮುಂದಿನದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಉದ್ದ ದಂಡ. ಮುಂದಿನ ಚಕ್ರಗಳಿಗೆ ಅಡ್ಡಕಲ್ಲು ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಇಟ್ಟು, ಕ್ರಾಸ್‌ನ (ಶಾಫ್ಟಿನ ಕೀಲಿನ ಕೂಡು ಆಕಾರದ ತುಂಡಿನ) ಎರಡೂ ಯೋಕ್‌ಗಳನ್ನು (ಅದನ್ನು ಹಿಡಿಯುವ ಕವಲುಗಳನ್ನು) ವಿರುದ್ಧ ದಿಕ್ಕಿಗೆ ತಿರುಗಿಸಿ. ಅಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಕ್ರಾಸ್ ಬದಲಿಸಬೇಕು, ಗ್ರೀಸ್ ಹೊಡೆದು ಉಳಿಸಲಾಗದು. ಕ್ಯಾಪಿನ ಅಂಚಿನಲ್ಲಿ ಕೆಂಪು ಪುಡಿ ಇದ್ದರೆ ಸೂಜಿ ರೋಲರ್‌ಗಳು ಒಣಗಿ ಸವೆದಿವೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲಾಂಜಿಗೆ (ಬೋಲ್ಟಿನಿಂದ ಕೂಡುವ ತಟ್ಟೆಗಳಿಗೆ) ಬಣ್ಣದ ಗೆರೆ ಎಳೆಯಿರಿ. ಹೊಸ ಕ್ರಾಸ್ ಕೂರಿಸುವಾಗ ಒಂದು ಸೂಜಿ ಅಡ್ಡ ಬಿದ್ದರೂ ಕ್ಯಾಪನ್ನು ಹಿಡಿದಿಡುವ ಸರ್‌ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂರುವುದಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸಲು ಹೋಗದೆ ಕ್ಯಾಪ್ ತೆಗೆದು ನೋಡಿ.

ಇಷ್ಟಾದರೂ ಸದ್ದು ಉಳಿದರೆ ಒಳಗಿನ ಪ್ಲೇ ಅಳೆಯಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಪಿನಿಯನ್ ಫ್ಲಾಂಜಿನ ಅಂಚಿಗೆ ಚಾಕ್‌ಪೀಸ್ ಗುರುತು ಹಾಕಿ ಕೈಯಿಂದ ಹಿಂದೆ ಮುಂದೆ ತಿರುಗಿಸಿ. ಎಲ್ಲರೂ ತಪ್ಪು ಓದುವುದು ಇಲ್ಲೇ. ಶಾಫ್ಟ್ ನಾಲ್ಕು ಸುತ್ತಿಗಿಂತ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ಹಾಗಾಗಿ ಆಕ್ಸಲ್ ಶಾಫ್ಟಿನ ಸ್ಪ್ಲೈನ್‌ನಲ್ಲೋ (ತುದಿಯ ಉದ್ದ ಹಲ್ಲುಗಳಲ್ಲೋ) ಡಿಫರೆನ್ಷಿಯಲ್‌ನ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗದ) ಸಣ್ಣ ಗೇರುಗಳಲ್ಲೋ ಇರುವ ಒಂದು ಡಿಗ್ರಿ ಪ್ಲೇ ಫ್ಲಾಂಜಿನಲ್ಲಿ ನಾಲ್ಕು ಡಿಗ್ರಿ ಮೀರಿ ಕಾಣುತ್ತದೆ. ಅಷ್ಟು ಪ್ಲೇ ಪಿನಿಯನ್‌ನದೇ ಎಂದುಕೊಂಡರೆ ಕೆಟ್ಟಿತು. ಈ ಗಾತ್ರದ ಕ್ರೌನ್ ಪಿನಿಯನ್ನಿನ ಹೈಪಾಯ್ಡ್ (ಓರೆಯಾಗಿ ಕೊರೆದ) ಹಲ್ಲುಗಳ ನಡುವೆ ಇರಬೇಕಾದ ಸಂದು ಸುಮಾರು 0.1ರಿಂದ 0.2 ಮಿ.ಮೀ. ಮಾತ್ರ. ಹಳೆಯ ಗಾಡಿಯಲ್ಲಿ ಫ್ಲಾಂಜಿನ ಅಂಚು ನಾಲ್ಕೈದು ಮಿ.ಮೀ. ಅಲುಗಾಡಿದರೆ ನಾನು ಸುಮ್ಮನಿರುತ್ತೇನೆ, ಒಂದು ಸೆಂಟಿಮೀಟರ್ ದಾಟಿದರೆ ಬಿಚ್ಚುತ್ತೇನೆ. ಫ್ಲಾಂಜ್ ಮೇಲೆ ಕೆಳಗೆ ಅಥವಾ ಒಳಗೆ ಹೊರಗೆ ಆಡಿದರೆ ಮಾತ್ರ ಅದು ಬೇರಿಂಗ್ ಕೆಲಸ. ಆಗ ಪಿನಿಯನ್ ನಟ್ಟನ್ನು ಸುಮ್ಮನೆ ಬಿಗಿದು ಪ್ಲೇ ‘ತೆಗೆಯಬೇಡಿ’, ಬೇರಿಂಗ್ ಬಿಸಿಯಾಗಿ ಹಾಳಾಗುತ್ತದೆ.

ನಿಧಾನಕ್ಕೆ ಓಡಿಸುವಾಗ ಸದ್ದು ಲಯಬದ್ಧವಾಗಿ ಬಂದರೆ ಎಣಿಸಿ. 5.90-15 ಟೈರಿನ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂದು ಚಿಲ್ಲರೆ ಬಡಿತವಾದರೆ ಕ್ರೌನ್‌ನ ಹಲ್ಲು ಅಥವಾ ಚಕ್ರದ ಕಡೆಯ ದೋಷ; ಐದಾರು ಬಡಿತವಾದರೆ ಪಿನಿಯನ್ ಅಥವಾ ಶಾಫ್ಟ್.

ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಬೂದು ಬಣ್ಣದ ನುಣುಪಾದ ಕೆಸರು ಸಹಜ. ತಾಮ್ರದ ಬಣ್ಣದ ಹೊಟ್ಟು ಬಂದರೆ ಸಣ್ಣ ಗೇರುಗಳ ಹಿಂದಿನ ಥ್ರಸ್ಟ್ ವಾಷರ್ ಸವೆದಿದೆ. ಟಕ್ ಸದ್ದಿಗೆ ಒಳಗೇ ಕಾರಣವಿದ್ದರೆ ಬಹುಪಾಲು ಅದೇ. ಕೈಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ, ಗಾಡಿ ಓಡಿಸಬೇಡಿ. ವಾಷರ್ ಬದಲಿಸುವಾಗ ಗೇರುಗಳ ಪಿನ್ನನ್ನೂ ಉಗುರಿನಿಂದ ಸವರಿ ನೋಡಿ. ಗೀರು ಸಿಕ್ಕರೆ ಅದೂ ಹೊಸದೇ ಆಗಬೇಕು, ಇಲ್ಲವಾದರೆ ಸದ್ದು ಮರಳುತ್ತದೆ. ಬೇರಿಂಗ್ ಕ್ಯಾಪ್ ಮತ್ತು ಶಿಮ್‌ಗಳ (ಸಂದು ಹೊಂದಿಸುವ ತೆಳು ತಗಡುಗಳ) ಎಡ ಬಲ ಅದಲುಬದಲಾಗದಂತೆ ಗುರುತಿಡಿ.

ಮತ್ತೆ ಇಪಿ 90 ಗೇರ್ ಆಯಿಲ್ ಹಾಕುವಾಗ ಗಾಡಿ ಸಮತಟ್ಟಾಗಿರಲಿ. ಫಿಲ್ಲರ್ ರಂಧ್ರದ ಅಂಚಿನಿಂದ ಹೊರಗೆ ಹನಿಯಲು ಶುರುವಾದರೆ ಮಟ್ಟ ಸರಿಯಾಗಿದೆ. ಯು-ಬೋಲ್ಟ್ ಬಿಚ್ಚಿದ್ದರೆ 200–300 ಕಿ.ಮೀ. ಓಡಿಸಿದ ಮೇಲೆ ಕರ್ಣಾಕಾರವಾಗಿ ಇನ್ನೊಮ್ಮೆ ಬಿಗಿಯಿರಿ.