ರಿಂಗ್ ಇಳಿಸಿ ಶಾಟ್ ಕಲಿಸಿದೆ: ನನ್ನ ಅನುಭವ

ಹನ್ನೊಂದು ವರ್ಷದ ಮಕ್ಕಳ ಕೈಗೆ 7ನೇ ಸೈಜಿನ, ಅಂದರೆ ದೊಡ್ಡ ಗಂಡಸರು ಆಡುವ ಬಾಸ್ಕೆಟ್‌ಬಾಲ್ ಕೊಟ್ಟು 3.05 ಮೀಟರ್ ಎತ್ತರದ ರಿಂಗಿಗೆ ಹೊಡೆಸುವುದನ್ನು ನಾನು ಬಿಟ್ಟು ಐದಾರು ವರ್ಷ ಆಯಿತು. ನಮ್ಮಲ್ಲಿ ಶುರುವಾಗುವುದು 5ನೇ ಸೈಜಿನ ಸಣ್ಣ ಬಾಲ್, 2.60 ಮೀಟರ್ ರಿಂಗಿನಿಂದ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಮಕ್ಕಳಿಗೆಂದು ಇಟ್ಟಿರುವ ಮಿನಿ ಬಾಸ್ಕೆಟ್‌ಬಾಲ್ ಅಳತೆಯೇ ಇದು. ಆದರೂ ನಮ್ಮ ಕಡೆ ಯಾರೂ ಇದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. "ಸರ, ಮ್ಯಾಚಿನ್ಯಾಗ ರಿಂಗ್ ಯಾರ್ ಇಳಸ್ತಾರ್ರಿ?" ಎಂದು ಹಿರಿಯ ಪಿ.ಇ. ಮಾಸ್ತರರೊಬ್ಬರು ಎಲ್ಲರ ಮುಂದೆಯೇ ಕೇಳಿದ್ದರು. ಈಗ ಉತ್ತರ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಕಾಲೇಜಿಗೆ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವ ಜಾಗದಲ್ಲಿ ಆಡಿದವನು. ಯೂನಿವರ್ಸಿಟಿ ಟೀಮಿನಲ್ಲೂ ಇದ್ದೆ. ಡ್ರಿಬಲ್‌ನಲ್ಲಿ ನನ್ನನ್ನು ಹಿಡಿಯುವವರು ಕಡಿಮೆ. ಶಾಟ್ ಮಾತ್ರ ಎದೆಯ ಹತ್ತಿರದಿಂದಲೇ ಹೊರಡುತ್ತಿತ್ತು. ಶಾಲೆಯಲ್ಲಿದ್ದಾಗ ಭಾರದ ಬಾಲನ್ನು ರಿಂಗಿಗೆ ಮುಟ್ಟಿಸಲು ಮೈಯೆಲ್ಲ ಬಳಸಿ ಎಸೆದು ಕಲಿತ ಕೈ ಅದು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಎತ್ತರದ ಡಿಫೆಂಡರ್‌ಗಳು ಅದನ್ನು ಸಲೀಸಾಗಿ ಬ್ಲಾಕ್ ಮಾಡುತ್ತಿದ್ದರು. ಇಪ್ಪತ್ತು ದಾಟಿದ ಮೇಲೆ ತಿದ್ದಿದರೆ ಪ್ರ್ಯಾಕ್ಟೀಸಿನಲ್ಲಿ ಸರಿ ಬರುತ್ತದೆ, ಮ್ಯಾಚಿನಲ್ಲಿ ಕೈ ಹಳೇ ದಾರಿಯನ್ನೇ ಹಿಡಿಯುತ್ತದೆ. ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಕೋರ್ಸ್ ಮುಗಿಸಿ ಕೋಚ್ ಆದಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಕೆಲಸ ಸಿಕ್ಕಿದ್ದು ಹುಬ್ಬಳ್ಳಿ-ಗದಗ ರಸ್ತೆಯ ಒಂದು ಶಾಲೆಯಲ್ಲಿ. ತಿಂಗಳಿಗೆ ಎಂಟು ಸಾವಿರ, ರಜೆಯಲ್ಲಿ ಅದೂ ಇಲ್ಲ. ನಸುಕಿನಲ್ಲಿ ಧಾರವಾಡ-ಹುಬ್ಬಳ್ಳಿ ನಡುವಿನ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಗದಗ ಬಸ್ಸು. ಸಂಬಳದ ಕಾಲು ಭಾಗ ಟಿಕೆಟ್ಟಿಗೇ ಹೋಗುತ್ತಿತ್ತು. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡರ್ ಒಬ್ಬರನ್ನು ಹಿಡಿದು, ಪೈಪಿನೊಳಗೆ ಪೈಪ್ ಇಳಿಯುವ ಕಂಬ ಮಾಡಿಸಿದೆ. ತೂತಿಗೆ ಪಿನ್ ಹಾಕಿದರೆ ರಿಂಗ್ ಬೇಕಾದ ಎತ್ತರಕ್ಕೆ ನಿಲ್ಲುತ್ತದೆ. ಜೋಡಿಗೆ ಮೂವತ್ತು ಸಾವಿರದ ಆಸುಪಾಸು. ಅರ್ಧ ಕೊಡುತ್ತೇವೆ ಎಂದ ಶಾಲೆಯವರು ಕೊಡಲಿಲ್ಲ. ಮನೆಯವಳ ಚೀಟಿ ದುಡ್ಡು ಅದಕ್ಕೆ ಹೋಯಿತು.

ಆ ಮೇಲೆ ಎರೆ ಮಣ್ಣಿನ ಕಾಟ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಕಂಬ ವಾಲಿತ್ತು, ಕಾಂಕ್ರೀಟಿನಲ್ಲಿ ಬೆರಳು ಹೋಗುವಷ್ಟು ಬಿರುಕು. ನಾಲ್ಕೈದು ಅಡಿ ತೋಡಿ, ಎರೆ ಮಣ್ಣು ಪೂರ್ತಿ ತೆಗೆಸಿ, ಗರಸು ತುಂಬಿ, ನೀರು ಬಿಟ್ಟು ದಮ್ಮಸ್ಸು ಹೊಡೆಸಿದೆವು. ಮತ್ತೆ ಹನ್ನೆರಡು ಸಾವಿರ. ರಿಂಗಿನ ಹಿಂದಿನ ಪ್ಲೈವುಡ್ ಬೋರ್ಡ್ ಅದೇ ಮಳೆಗೆ ಪದರ ಬಿಟ್ಟಿತು. ಬಡಿದ ಬಾಲ್ ಹಿಂದಕ್ಕೆ ಪುಟಿಯದೆ ಅಲ್ಲೇ ಕೆಳಗೆ ಬೀಳುತ್ತಿತ್ತು. ಫೈಬರ್ ಬೋರ್ಡ್ ಹಾಕಿಸಿದ ಮೇಲೆ ಆ ತಲೆನೋವು ತಪ್ಪಿತು. ಕಾಂಕ್ರೀಟ್ ಕೋರ್ಟಿಗೆ ರಬ್ಬರ್ ಬಾಲೇ ಸೈ. ದುಬಾರಿ ಕಾಂಪೋಸಿಟ್ ಬಾಲುಗಳ ಚರ್ಮ ಮೂರ್ನಾಲ್ಕು ತಿಂಗಳಲ್ಲಿ ನುಣ್ಣಗಾಗುತ್ತದೆ.

ಈಗ ಕಲಿಸುವ ವಿಷಯ. ಬಾಲಿನ ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಅಂಟಿಸುತ್ತೇನೆ. ಮಗು ರಿಂಗಿನಿಂದ ಎರಡು ಹೆಜ್ಜೆ ದೂರ ನಿಂತು ಒಂದೇ ಕೈಯಲ್ಲಿ ಹೊಡೆಯಬೇಕು. ಎಡಗೈ ಬಾಲಿನ ಪಕ್ಕಕ್ಕೆ ಸುಮ್ನೆ ತಾಗಿರಬೇಕು, ಅಷ್ಟೇ. ಗಾಳಿಯಲ್ಲಿ ಟೇಪಿನ ಗೆರೆ ನೆಟ್ಟಗೆ ಹಿಂದಕ್ಕೆ ತಿರುಗಿದರೆ ಶಾಟ್ ಸರಿ. ಗೆರೆ ತೂರಾಡಿದರೆ ಎಡಗೈ ಹೆಬ್ಬೆರಳು ತಳ್ಳಿದೆ ಎಂದು ತಿಳಿಯಿರಿ. ಮಕ್ಕಳಿಗೂ ಇದು ಕಣ್ಣಿಗೆ ಕಾಣುತ್ತದೆ, ನಾನು ಬಾಯಿ ಬಿಡುವ ಮೊದಲೇ "ಹೆಬ್ಬಟ್ಟು ಸರ" ಅಂತಾರೆ. ರಿಂಗ್ ಕೆಳಗಿದ್ದಾಗ ಮೊಣಕೈ ತಾನಾಗಿಯೇ ಬಾಲಿನ ಅಡಿಗೆ ಬರುತ್ತದೆ, ಮೈ ತಿರುಚುವ ಅಗತ್ಯ ಬೀಳುವುದಿಲ್ಲ.

ಎತ್ತರ ಏರಿಸುವುದು ಐದು ಮೆಟ್ಟಿಲಲ್ಲಿ, ಒಂದೊಂದು 9 ಸೆಂ.ಮೀ. ವಯಸ್ಸು ನೋಡಿ ಏರಿಸುವುದಿಲ್ಲ, ಗೆರೆ ನೋಡಿ ಏರಿಸುತ್ತೇನೆ. ಪಿನ್ ಬದಲಿಸಿದ ವಾರ ಯಾವ ಡ್ರಿಲ್ ಮಾಡಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು ವರ್ಷ ತಿಣುಕಾಡಿ ಕಂಡುಕೊಂಡದ್ದು ಅದು. ಬೇಕಾದವರು ಕೋರ್ಟಿಗೆ ಬಂದು ನೋಡಲಿ.

ನಡುವೆ ಮರಳು ತುಂಬಿದ ಹಳೇ ಬಾಲ್‌ನಿಂದ ಪಾಸ್ ಮಾಡಿಸಿ ನೋಡಿದೆ. ಮಣಿಕಟ್ಟು ನೋವು ಶುರುವಾಯಿತು, ನಿಲ್ಲಿಸಿದೆ. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಖೋ-ಖೋ ಆಡುವ ಹುಡುಗಿಯರನ್ನು ಕರೆತಂದೆ. ಕುಳಿತಲ್ಲಿಂದ ಎದ್ದು ಹಾಕುವ ಅವರ ಮೊದಲ ಎರಡು ಹೆಜ್ಜೆಯ ವೇಗ ಬೇರೆ ಯಾರಿಗೂ ಬರುವುದಿಲ್ಲ. ಡಿಫೆನ್ಸ್‌ಗೆ ಅಂಥವರೇ ಬೇಕು. ನಮ್ಮ ಕಡೆ ಊರೂರಿಗೆ ಸಿಗುತ್ತಾರೆ, ಹುಡುಕುವವರಿಲ್ಲ ಅಷ್ಟೇ.

ಮೊದಲಿನ ಬ್ಯಾಚಿನಲ್ಲಿ ಹದಿನಾಲ್ಕರ ಹುಡುಗಿಯರು ಹತ್ತು ಫ್ರೀ ಥ್ರೋಗೆ ಮೂರು ಹಾಕಿದರೆ ಜಾಸ್ತಿ. ಇಳಿಸಿದ ರಿಂಗಿನಲ್ಲಿ ಕಲಿತ ಬ್ಯಾಚ್ ಅದೇ ವಯಸ್ಸಿಗೆ, ಪೂರ್ತಿ ಎತ್ತರದ ರಿಂಗಿಗೆ, ಆರರ ಹತ್ತಿರ ಹಾಕುತ್ತದೆ. ಜಿಲ್ಲಾ ಮಟ್ಟ ಗೆದ್ದು ವಿಭಾಗ ಮಟ್ಟಕ್ಕೆ ಹೋದರು, ಬೆಳಗಾವಿ ಕಡೆಯ ಬಲವಾದ ಟೀಮೊಂದನ್ನು ಸೋಲಿಸಿದರು. ರಿಂಗ್ ಯಾರು ಇಳಿಸುತ್ತಾರೆ ಎಂದು ಕೇಳಿದ್ದ ಮಾಸ್ತರರು ಅವತ್ತು ಅಲ್ಲೇ ಇದ್ದರು. ಮರುವಾರ ಫೋನ್ ಮಾಡಿ ಕಂಬದ ಅಳತೆ ಕೇಳಿದರು. ವೆಲ್ಡರ್ ನಂಬರನ್ನೂ ಕೊಟ್ಟೆ.

ಹುಡುಗರ ಬ್ಯಾಚಿಗೆ ಕಲಿಸುವವರಿಗೆ ಒಂದು ಮಾತು. 5ನೇ ಸೈಜಿನಿಂದ ನೇರ 7ಕ್ಕೆ ಹೋಗಬೇಡಿ. ನಡುವಿನ 6ನೇ ಸೈಜ್ ಹೆಣ್ಣುಮಕ್ಕಳು ಆಡುವ ಬಾಲ್. ಕೊಟ್ಟರೆ "ಅದು ಹುಡುಗ್ಯಾರ ಬಾಲ್ ಸರ" ಎಂದು ಹುಡುಗರು ಮುಖ ತಿರುಗಿಸುತ್ತಾರೆ, ಆದರೂ 6ರಲ್ಲಿ ಒಂದು ಆರು ತಿಂಗಳು ಆಡಿಸಿ. ಟೇಪ್ ಅಂಟಿಸಿದ ಬಾಲ್ ಆಗಲೂ ಬೇಕು.